ಮನೆಯ ಬೆಳಕಿಗೂ ವರ್ಷದ ಲೆಕ್ಕ ಬೇಕು

ಮನೆ ಕಟ್ಟಿಸುವವರು, ಫ್ಲ್ಯಾಟ್ ಕೊಳ್ಳುವವರು ಏನೆಲ್ಲ ವಿಚಾರಿಸುತ್ತಾರೆ! ಬೋರ್‌ವೆಲ್ಲಿನಲ್ಲಿ ನೀರು ಎಷ್ಟು ಅಡಿಗೆ ಸಿಕ್ಕಿತು, ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆ ಆಗ್ನೇಯದಲ್ಲಿದೆಯೇ, ನೆಲಕ್ಕೆ ಗ್ರಾನೈಟೋ ಟೈಲ್ಸೋ, ಶಾಲೆ ಎಷ್ಟು ದೂರ. ಆದರೆ "ಈ ಹಿಂದಿನ ಕೋಣೆಯಲ್ಲಿ ಜುಲೈ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ದೀಪ ಹಾಕದೆ ಪತ್ರಿಕೆ ಓದಬಹುದೇ?" ಎಂದು ಕೇಳುವವರು ಅಪರೂಪ. ಆ ಹಿಂದಿನ ಕೋಣೆಯನ್ನೇ ನಾವು ಸಾಮಾನ್ಯವಾಗಿ ಅಜ್ಜಿಗೋ, ಬಾಣಂತಿಗೋ, ಪರೀಕ್ಷೆಗೆ ಓದುವ ಮಗುವಿಗೋ ಕೊಡುವುದು. ಮನೆಯ ಯಜಮಾನರು ಬೆಳಿಗ್ಗೆ ಹೊರಗೆ ಹೋಗಿ ಸಂಜೆ ಬರುತ್ತಾರೆ. ಹಗಲಿಡೀ ಮನೆಯೊಳಗೆ ಇರುವವರ ಪಾಲಿಗೆ ಮಾತ್ರ ಆ ಕತ್ತಲೆ ಉಳಿಯುತ್ತದೆ.

ಈ ಪ್ರಶ್ನೆಗೆ ಪಾಯ ತೋಡುವ ಮೊದಲೇ ಉತ್ತರ ಪಡೆಯಬಹುದು. ಒಂದು ಊರಿನ ಹವಾಮಾನದ ಅಂಕಿ ಅಂಶಗಳನ್ನು ಕಂಪ್ಯೂಟರಿಗೆ ಕೊಟ್ಟು, ಇನ್ನೂ ಕಟ್ಟದ ಮನೆಯ ಪ್ರತಿ ಕೋಣೆಗೆ ವರ್ಷದ ಪ್ರತಿ ಗಂಟೆಯಲ್ಲೂ ಎಷ್ಟು ಬೆಳಕು ಬೀಳುತ್ತದೆ ಎಂದು ಲೆಕ್ಕ ಹಾಕುವ ವಿಧಾನ ಇದೆ. ದೊಡ್ಡ ಕಚೇರಿಗಳನ್ನು ಕಟ್ಟುವವರು ಅದನ್ನು ಬಳಸುತ್ತಾರೆ. ಮನೆಗಳಿಗೂ ಅದು ಬೇಕು ಎಂಬುದು ನನ್ನ ವಾದ. ನಾನು ಎಂಜಿನಿಯರ್ ಅಲ್ಲ, ವೈದ್ಯ. ಕತ್ತಲೆ ಕೋಣೆಗಳ ಪರಿಣಾಮ ಕೊನೆಗೆ ಬಂದು ನಿಲ್ಲುವುದು ನಮ್ಮಂಥವರ ಮುಂದೆಯೇ ಆದ್ದರಿಂದ ಈ ಮಾತನ್ನು ಆರೋಗ್ಯದ ಅಂಕಣದಲ್ಲಿ ಎತ್ತುತ್ತಿದ್ದೇನೆ.

ಬೆಳಕು ದೇಹಕ್ಕೆ ಏನು ಮಾಡುತ್ತದೆ?

ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲಿನ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ಮೋಡ ಕವಿದ ಹಗಲಿನಲ್ಲೂ ಬಯಲಿನಲ್ಲಿ ಹತ್ತು ಸಾವಿರದ ಆಸುಪಾಸು ಇರುವುದುಂಟು. ಟ್ಯೂಬ್‌ಲೈಟ್ ಹಾಕಿದ ನಮ್ಮ ಕೋಣೆಗಳಲ್ಲಿ ನೂರರಿಂದ ಮುನ್ನೂರು ಲಕ್ಸ್ ಇದ್ದರೆ ಹೆಚ್ಚು. ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರ ನಮ್ಮ ಗಮನಕ್ಕೆ ಬರುವುದಿಲ್ಲ. ಆದರೆ ದೇಹಕ್ಕೆ ಗೊತ್ತಾಗುತ್ತದೆ.

ಕಣ್ಣಿನ ಅಕ್ಷಿಪಟಲದಲ್ಲಿ ನೋಡುವ ಕೆಲಸದ ಕೋಶಗಳಲ್ಲದೆ, ಹಗಲೋ ರಾತ್ರಿಯೋ ಎಂದು ಮಿದುಳಿಗೆ ತಿಳಿಸುವ ಬೇರೆ ಕೋಶಗಳೂ ಇವೆ. ಅವು ತಾವಾಗಿಯೇ ಬೆಳಕನ್ನು ಗ್ರಹಿಸುತ್ತವೆ ಎಂಬುದು 2002ರಲ್ಲಿ ಖಚಿತವಾಯಿತು. ನಿದ್ರೆ, ಹಸಿವು, ದೇಹದ ಉಷ್ಣತೆ, ಕೆಲವು ಹಾರ್ಮೋನುಗಳು ಇವೆಲ್ಲ ನಡೆಯುವುದು ದೇಹದೊಳಗಿನ ಗಡಿಯಾರದ ಪ್ರಕಾರ. ಆ ಗಡಿಯಾರಕ್ಕೆ ದಿನವೂ ಕೀಲಿ ಕೊಡುವುದು ಹಗಲಿನ ಬೆಳಕು. ಗಡಿಯಾರವನ್ನು ನಡೆಸುವ ವಂಶವಾಹಿಗಳ ಸಂಶೋಧನೆಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಗಲಿಡೀ ಮಬ್ಬಿನಲ್ಲಿದ್ದು, ರಾತ್ರಿ ಹನ್ನೊಂದರವರೆಗೆ ದೀಪ ಮತ್ತು ಟಿವಿಯ ಮುಂದೆ ಕುಳಿತವರಲ್ಲಿ ಈ ಗಡಿಯಾರ ಸಡಿಲವಾಗುತ್ತದೆ. "ಡಾಕ್ಟ್ರೇ, ರಾತ್ರಿ ನಿದ್ದೆ ಬರಲ್ಲ, ಹಗಲು ತೂಕಡಿಕೆ ಬಿಡಲ್ಲ, ಒಂದು ಮಾತ್ರೆ ಕೊಡಿ" ಎನ್ನುವ ವಯಸ್ಸಾದವರನ್ನು ಮೊದಲು ಕೇಳಬೇಕಾದುದು, ಹಗಲು ಎಲ್ಲಿ ಕುಳಿತಿರುತ್ತೀರಿ ಎಂದು.

2022ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಂದು ಸಲಹೆ ಪ್ರಕಟಿಸಿದರು. ಹಗಲಿನಲ್ಲಿ ಕಣ್ಣಿನ ಮಟ್ಟದಲ್ಲಿ ಕನಿಷ್ಠ 250 ಲಕ್ಸ್, ಮಲಗುವ ಮುಂಚಿನ ಮೂರು ಗಂಟೆ 10ಕ್ಕಿಂತ ಹೆಚ್ಚಿಲ್ಲ, ನಿದ್ರಿಸುವ ಕೋಣೆಯಲ್ಲಿ 1ಕ್ಕಿಂತ ಹೆಚ್ಚಿಲ್ಲ ಎಂಬುದು ಅದರ ಸಾರ. ಇಲ್ಲಿನ ಲಕ್ಸ್ ದೇಹದ ಗಡಿಯಾರದ ಕೋಶಗಳಿಗೆ ತಕ್ಕಂತೆ ತೂಗಿದ ಲಕ್ಸ್. ಹಗಲು ಬೆಳಕಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಮನೆಯ ಸಾಮಾನ್ಯ ದೀಪಗಳಿಂದ ಹಗಲಿನ ಈ 250 ಒದಗುವುದು ಕಷ್ಟ, ಸರಿಯಾದ ಕಿಟಕಿಯಿಂದ ಸುಲಭ.

ಇನ್ನೂ ನೇರವಾದ ಕಾರಣಗಳಿವೆ. ಹುಟ್ಟಿದ ಮಗುವಿಗೆ ಮೊದಲ ವಾರದಲ್ಲಿ ಕಾಮಾಲೆ ಕಾಣುವುದು ಸಾಮಾನ್ಯ. ಬಹುಪಾಲು ಮಕ್ಕಳಲ್ಲಿ ಅದು ತಾನಾಗಿ ಇಳಿಯುತ್ತದೆ, ಕೆಲವರಲ್ಲಿ ಅಪಾಯದ ಮಟ್ಟಕ್ಕೆ ಏರುತ್ತದೆ. ಹಳದಿಯನ್ನು ಗುರುತಿಸಬೇಕಾದುದು ಹಗಲು ಬೆಳಕಿನಲ್ಲಿ. ಕಿಟಕಿ ಮುಚ್ಚಿ ಹಳದಿ ಬಲ್ಬು ಉರಿಸಿದ ಬಾಣಂತಿ ಕೋಣೆಯಲ್ಲಿ ಅದು ಅನುಭವಸ್ಥ ಅಜ್ಜಿಯ ಕಣ್ಣಿಗೂ ತಪ್ಪಿಹೋಗಬಹುದು. ಮಗುವಿನ ಅಂಗೈ, ಅಂಗಾಲು ಹಳದಿಯಾಗಿದ್ದರೆ, ಅಥವಾ ಹಾಲು ಕುಡಿಯದೆ ಮಂಕಾಗಿ ಮಲಗಿದ್ದರೆ ಆ ದಿನವೇ ವೈದ್ಯರಲ್ಲಿಗೆ ಬನ್ನಿ. ಕಿಟಕಿಯ ಬಳಿ ಮಲಗಿಸುವುದು ಆಸ್ಪತ್ರೆಯ ಚಿಕಿತ್ಸೆಗೆ ಬದಲಿಯಲ್ಲ.

ಸಕ್ಕರೆ ಕಾಯಿಲೆ ಇರುವವರು ದಿನವೂ ಪಾದ ನೋಡಿಕೊಳ್ಳಬೇಕೆಂದು ನಾವು ಹೇಳುತ್ತೇವೆ. ಬೆಳಕಿಲ್ಲದ ಕಡೆ ಏನು ನೋಡಿಕೊಳ್ಳುವುದು? ನೋವೇ ತಿಳಿಯದ ಪಾದದಲ್ಲಿ ಒಂದು ಬಿರುಕು ವಾರಗಟ್ಟಲೆ ಕಾಣದೆ ಉಳಿದರೆ ಬೆರಳು ಕಳೆದುಕೊಳ್ಳುವ ಪ್ರಸಂಗ ಬರಬಹುದು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ, ಪಾಪೆ ಕಿರಿದಾಗಿ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಮೊಮ್ಮಗನಿಗೆ ಸಾಕೆನಿಸುವ ಬೆಳಕು ಅಜ್ಜನಿಗೆ ಸಾಲದು. ಬಚ್ಚಲಿನ ಹೊಸ್ತಿಲು ಎಡವಿ ಸೊಂಟದ ಮೂಳೆ ಮುರಿದುಕೊಳ್ಳುವುದರಲ್ಲಿ ಮಬ್ಬು ಬೆಳಕಿನ ಪಾಲೂ ಇದೆ.

ಮಕ್ಕಳ ಸಮೀಪದೃಷ್ಟಿಯ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಚೀನಾದ ಗುವಾಂಗ್‌ಝೌನಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದಲ್ಲಿ ಕಳೆಯುವ ಅವಕಾಶ ಕೊಟ್ಟರು. ಮೂರು ವರ್ಷಗಳ ನಂತರ ಆ ಮಕ್ಕಳಲ್ಲಿ ಶೇ 30.4ರಷ್ಟು ಮಂದಿಗೆ ಸಮೀಪದೃಷ್ಟಿ ಬಂದಿತ್ತು, ಉಳಿದ ಶಾಲೆಗಳಲ್ಲಿ ಶೇ 39.5ರಷ್ಟು ಮಂದಿಗೆ. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವುದು ಹೊರಗಿನ ಬೆಳಕಿನ ಬಗ್ಗೆ. ಎಷ್ಟೇ ದೊಡ್ಡ ಕಿಟಕಿಯಿದ್ದರೂ ಮಗುವನ್ನು ಆಟಕ್ಕೆ ಹೊರಗೆ ಕಳಿಸಲೇಬೇಕು. ಹಾಗೆಯೇ ವಿಟಮಿನ್ 'ಡಿ' ತಯಾರಾಗಲು ಬೇಕಾದ ಕಿರಣಗಳನ್ನು ಕಿಟಕಿಯ ಗಾಜು ತಡೆಯುತ್ತದೆ. ಗಾಜಿನ ಹಿಂದೆ ಕುಳಿತು ಬಿಸಿಲು ಕಾಯಿಸಿದರೆ ಮೈ ಬೆಚ್ಚಗಾಗುತ್ತದೆಯೇ ಹೊರತು 'ಡಿ' ಸಿಗುವುದಿಲ್ಲ. ಮನೆಯೊಳಗಿನ ಬೆಳಕು ಸರ್ವರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ಅದರಿಂದ ಆಗುವ ಉಪಕಾರವೇ ಸಾಕಷ್ಟಿದೆ.

ಒಂದು ದಿನ ನೋಡಿದರೆ ಸಾಲದು

"ನಾವು ಹೋಗಿ ನೋಡಿದಾಗ ಮನೆ ಬೆಳ್ಳಗಿತ್ತು" ಎನ್ನುವವರಿದ್ದಾರೆ. ನೋಡಿದ್ದು ಯಾವಾಗ? ಜನವರಿಯ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ಅಲ್ಲಿ ನೆತ್ತಿಯಿಂದ 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಬರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಜೂನ್ ಕೊನೆಯಲ್ಲಿ ಸುಮಾರು 10 ಡಿಗ್ರಿ ಉತ್ತರಕ್ಕೇ ದಾಟಿರುತ್ತಾನೆ. ಜನವರಿಯಲ್ಲಿ ಬಿಸಿಲು ಬಿದ್ದ ಅದೇ ದಕ್ಷಿಣದ ಕಿಟಕಿಗೆ ಜೂನ್‌ನಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಮೇಲಿಂದ ಮುಂಗಾರಿನ ಮೋಡ ಬೇರೆ.

ಸಕ್ಕರೆ ಕಾಯಿಲೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಂದು ಬೆಳಿಗ್ಗೆ ರಕ್ತ ತೆಗೆದು ನೋಡಿದ ಸಕ್ಕರೆ ಪ್ರಮಾಣ ಆ ಹೊತ್ತಿನದು ಮಾತ್ರ. ಹಿಂದಿನ ದಿನಗಳ ಕಥೆ ತಿಳಿಯಲು ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಬೇಕು. ಮನೆಯ ಬೆಳಕಿಗೂ ಹಾಗೆಯೇ. ಒಂದು ದಿನದ ನೋಟದಿಂದ ನಿರ್ಧರಿಸಬಾರದು, ವರ್ಷದ ಲೆಕ್ಕ ನೋಡಬೇಕು.

ವರ್ಷದ ಲೆಕ್ಕ ಹಾಕುವುದು ಹೇಗೆ?

ಹಿಂದೆ ಎಂಜಿನಿಯರುಗಳು ಒಂದೇ ಒಂದು ಕಾಲ್ಪನಿಕ ಆಕಾಶವನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದರು. ಪಶ್ಚಿಮದ ದೇಶಗಳಲ್ಲಿ ಅದು ಪೂರ್ತಿ ಮೋಡ ಕವಿದ ಆಕಾಶ. 1942ರಲ್ಲಿ ಮೂನ್ ಮತ್ತು ಸ್ಪೆನ್ಸರ್ ಎಂಬ ವಿಜ್ಞಾನಿಗಳು ಇದಕ್ಕೊಂದು ಸೂತ್ರ ಕೊಟ್ಟಿದ್ದರು. ಅದರಲ್ಲಿ ನೆತ್ತಿಯ ಭಾಗ ದಿಗಂತಕ್ಕಿಂತ ಮೂರು ಪಟ್ಟು ಬೆಳಗಿರುತ್ತದೆ. ನಮ್ಮ ದೇಶಕ್ಕೆ ಅದು ಹೊಂದುವುದಿಲ್ಲವೆಂದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಮೋಡವಿಲ್ಲದ, ಸೂರ್ಯ 15 ಡಿಗ್ರಿ ಎತ್ತರದಲ್ಲಿರುವ ಆಕಾಶವನ್ನು ಆಧಾರವಾಗಿ ತೆಗೆದುಕೊಂಡರು. ಹೊರಗೆ 8,000 ಲಕ್ಸ್ ಎಂದಿಟ್ಟುಕೊಂಡು ಓದುವ ಕೋಣೆಗೆ ಅದರ ಶೇ 1.9, ಅಡುಗೆಮನೆಗೆ ಶೇ 2.5 ಸಿಗಬೇಕೆಂಬ ಮಾನದಂಡ ಬಂತು. ಅಂದರೆ ಸುಮಾರು 150 ಮತ್ತು 200 ಲಕ್ಸ್. ಅದು ಒಳ್ಳೆಯ ಹೆಜ್ಜೆಯೇ. ಆದರೆ ಆ ಲೆಕ್ಕದಲ್ಲಿ ಮಂಗಳೂರಿನ ಆಷಾಢಕ್ಕೂ ಕಲಬುರಗಿಯ ವೈಶಾಖಕ್ಕೂ ವ್ಯತ್ಯಾಸವಿಲ್ಲ.

ಹೊಸ ವಿಧಾನದ ಮೊದಲ ಸಾಮಗ್ರಿ ಹವಾಮಾನದ ಕಡತ. ವರ್ಷಕ್ಕೆ 8,760 ಗಂಟೆಗಳು. ಪ್ರತಿ ಗಂಟೆಯ ಉಷ್ಣತೆ, ತೇವ, ಗಾಳಿ, ಮೋಡ ಇವುಗಳ ಜೊತೆಗೆ ಸೂರ್ಯನಿಂದ ನೇರವಾಗಿ ಬರುವ ಬಿಸಿಲೆಷ್ಟು, ಆಕಾಶದಲ್ಲಿ ಚದುರಿ ಬರುವ ಬೆಳಕೆಷ್ಟು ಎಂಬುದೂ ಅದರಲ್ಲಿರುತ್ತದೆ. ಇದು ಯಾವುದೋ ಒಂದು ಇಸವಿಯ ದಾಖಲೆಯಲ್ಲ. ಹಲವು ವರ್ಷಗಳ ದಾಖಲೆಯಿಂದ ಅತಿರೇಕವಲ್ಲದ ಜನವರಿಯೊಂದನ್ನು, ಫೆಬ್ರುವರಿಯೊಂದನ್ನು ಹೀಗೆ ಹನ್ನೆರಡು ತಿಂಗಳು ಆರಿಸಿ ಜೋಡಿಸಿದ ಮಾದರಿ ವರ್ಷ. ಹವಾನಿಯಂತ್ರಣ ಎಂಜಿನಿಯರುಗಳ ಭಾರತೀಯ ಸಂಘವಾದ ಇಶ್ರೇ ನಮ್ಮ ದೇಶದ ಹಲವು ನಗರಗಳಿಗೆ ಇಂಥ ಕಡತಗಳನ್ನು ಸಿದ್ಧಪಡಿಸಿದೆ. ಬೆಂಗಳೂರು, ಮಂಗಳೂರು, ಬೆಳಗಾವಿ, ಚಿತ್ರದುರ್ಗ ಆ ಪಟ್ಟಿಯಲ್ಲಿವೆ.

ಎರಡನೆಯದು ಆಕಾಶವನ್ನು ಮರಳಿ ಕಟ್ಟುವುದು. ಕಡತದಲ್ಲಿರುವುದು ಬರೀ ಅಂಕಿಗಳು. ಆ ಗಂಟೆಯಲ್ಲಿ ಆಕಾಶದ ಯಾವ ಭಾಗ ಎಷ್ಟು ಹೊಳೆಯುತ್ತಿತ್ತು ಎಂದು ಅದರಿಂದ ಅಂದಾಜಿಸಬೇಕು. ನೇರ ಬಿಸಿಲು ಹೆಚ್ಚಿದ್ದು ಚದುರಿದ ಬೆಳಕು ಕಡಿಮೆಯಿದ್ದರೆ ಶುಭ್ರ ಆಕಾಶ, ಬರೀ ಚದುರಿದ ಬೆಳಕಿದ್ದರೆ ಮುಚ್ಚಿದ ಮೋಡ, ನಡುವೆ ಬಿಡಿ ಮೋಡಗಳು. ಇದನ್ನು ಸೂತ್ರಕ್ಕಿಳಿಸಿದ ಪೆರೇಜ್ ಮಾದರಿ 1993ರದು. ಆಕಾಶದ ಗೋಳವನ್ನು 145 ತುಂಡುಗಳಾಗಿ ವಿಂಗಡಿಸುವ ಕ್ರಮ ಟ್ರೆಗೆಂಜಾ ಎಂಬುವರದು.

ಮೂರನೆಯದು ಮನೆ. ಗೋಡೆ, ಕಿಟಕಿ, ಸಜ್ಜಾ, ಗೋಡೆಯ ಬಣ್ಣ, ಎದುರು ಮನೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮೂಡಿಸುತ್ತಾರೆ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಗ್ರೆಗ್ ವಾರ್ಡ್ ರೂಪಿಸಿದ 'ರೇಡಿಯನ್ಸ್' ಎಂಬ ತಂತ್ರಾಂಶ ಬೆಳಕಿನ ಗೆರೆಗಳನ್ನು ಹಿಂದುಮುಂದಾಗಿ ಹಿಂಬಾಲಿಸುತ್ತದೆ. ಅಂದರೆ ಓದುವ ಮೇಜಿನಿಂದ ಹೊರಟು, ಗೋಡೆಗೆ ತಾಗಿ, ಕಿಟಕಿಯಿಂದ ಹೊರಬಿದ್ದು ಆಕಾಶದ ಯಾವ ತುಂಡಿಗೆ ಮುಟ್ಟಿತು ಎಂದು ನೋಡುತ್ತದೆ. 145 ತುಂಡುಗಳಲ್ಲಿ ಒಂದೊಂದರಿಂದಲೂ ಮೇಜಿಗೆ ಎಷ್ಟು ಪಾಲು ಬರುತ್ತದೆಂದು ಒಮ್ಮೆ ತಿಳಿದರೆ ಮುಗಿಯಿತು. ಆಮೇಲೆ ಪ್ರತಿ ಗಂಟೆಯ ಆಕಾಶಕ್ಕೂ ಗುಣಿಸಿ ಕೂಡಿದರೆ ವರ್ಷದ ಲೆಕ್ಕ ಬರುತ್ತದೆ. ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಕೊನೆಗೆ ಕೈಗೆ ಬರುವುದು ಕೋಣೆಯ ಒಂದು ಬಣ್ಣದ ನಕ್ಷೆ. ಹಗಲಿನ ಗಂಟೆಗಳಲ್ಲಿ ಶೇಕಡ ಎಷ್ಟು ಹೊತ್ತು ಇಲ್ಲಿ 100ರಿಂದ 2,000 ಲಕ್ಸ್ ಒಳಗೆ ಉಪಯುಕ್ತ ಬೆಳಕಿದೆ, ಎಷ್ಟು ಹೊತ್ತು ಮಬ್ಬು, ಎಷ್ಟು ಹೊತ್ತು ಕಣ್ಣು ಕುಕ್ಕುವಷ್ಟು ಹೆಚ್ಚು ಎಂಬುದನ್ನು ಅದು ತೋರಿಸುತ್ತದೆ. ಹೆಚ್ಚಾಗುವುದೂ ತೊಂದರೆಯೇ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಪಶ್ಚಿಮಕ್ಕೆ ದೊಡ್ಡ ಗಾಜು ಇಟ್ಟರೆ ಸೆಕೆ ತಾಳದೆ ಪರದೆ ಎಳೆದು ಹಗಲಲ್ಲೇ ದೀಪ ಹಾಕಬೇಕಾಗುತ್ತದೆ. ಬಿಸಿಲಿನ ಊರಿಗೆ ಸಜ್ಜಾದ ನೆರಳಿರುವ ಹದವಾದ ಕಿಟಕಿ ಬೇಕು. ಮಳೆಯ ಊರಿಗೆ ಆಕಾಶ ಕಾಣುವ ಕಿಟಕಿ ಬೇಕು. ನಮ್ಮ ಹಿರಿಯರು ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಬೆಳಕಿಂಡಿ ಇಟ್ಟದ್ದು, ತೊಟ್ಟಿಮನೆಯ ನಡುವೆ ಆಕಾಶ ಬಿಟ್ಟದ್ದು, ಹೆಂಚಿನ ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚು ಹೊದಿಸಿದ್ದು ಊರ ಆಕಾಶವನ್ನು ತಲೆಮಾರುಗಳಿಂದ ನೋಡಿ ಕಲಿತ ಲೆಕ್ಕ. ಮೂವತ್ತಕ್ಕೆ ನಲವತ್ತರ ಸೈಟಿನಲ್ಲಿ ಮೂರಂತಸ್ತು ಏರಿಸುವಾಗ ಆ ಲೆಕ್ಕ ಕೈಬಿಟ್ಟಿದ್ದೇವೆ, ಬದಲಿಗೆ ಬೇರೆ ಲೆಕ್ಕ ಹಿಡಿದಿಲ್ಲ.

ಕಾಯಿದೆಯಲ್ಲಿ ಇರುವ ಕೊರತೆ

2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಈ 100ರಿಂದ 2,000 ಲಕ್ಸ್‌ನ ವಾರ್ಷಿಕ ಅಳತೆಯನ್ನು ಸೇರಿಸಿತು. ಮರುವರ್ಷ, 2018ರಲ್ಲಿ, ವಾಸದ ಮನೆಗಳಿಗಾಗಿ ಬಂದ ಇಕೋ ನಿವಾಸ ಸಂಹಿತೆ ಕೇಳಿದ್ದು ನೆಲದ ವಿಸ್ತೀರ್ಣಕ್ಕೆ ತೆರೆಯುವ ಕಿಟಕಿಯ ಅನುಪಾತ ಮತ್ತು ಗಾಜು ಎಷ್ಟು ಬೆಳಕು ಬಿಡುತ್ತದೆ ಎಂಬುದನ್ನು. ಗಂಟೆ ಗಂಟೆಯ ಲೆಕ್ಕವನ್ನು ಕೇಳಲಿಲ್ಲ. ಕಿಟಕಿಯ ಅಳತೆ ಸರಿಯಿದ್ದೂ ಅದು ಮೂರು ಅಡಿ ಆಚೆ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದ್ದರೆ ಏನು ಬಂತು? ಕಾಗದದ ಮೇಲೆ ಕೋಣೆ ಪಾಸು, ಒಳಗೆ ಕತ್ತಲೆ. ಕಚೇರಿಯಲ್ಲಿ ಎಂಟು ಗಂಟೆ ಕೂರುವವರಿಗೆ ಸಿಕ್ಕ ಲೆಕ್ಕ, ಮನೆಯಲ್ಲಿ ಇಪ್ಪತ್ತನಾಲ್ಕು ಗಂಟೆ ಇರುವ ಅಜ್ಜಿಗೆ ಸಿಗಲಿಲ್ಲ.

"ಸಣ್ಣ ಮನೆ ಕಟ್ಟುವವರು ಮೇಸ್ತ್ರಿಯನ್ನು ನಂಬಿದವರು. ಅವರಿಗೆ ಕಂಪ್ಯೂಟರ್ ಲೆಕ್ಕದ ಖರ್ಚು ಹೊರಿಸುವುದು ಸರಿಯೇ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರತಿ ಮನೆಗೂ ಬೇರೆ ಲೆಕ್ಕ ಬೇಕಿಲ್ಲ. ನಮ್ಮ ಬಡಾವಣೆಗಳ ಸೈಟುಗಳು ಇಪ್ಪತ್ತಕ್ಕೆ ಮೂವತ್ತು, ಮೂವತ್ತಕ್ಕೆ ನಲವತ್ತು ಹೀಗೆ ಕೆಲವೇ ಅಳತೆಯವು. ಆಯಾ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜಿನವರು ತಮ್ಮ ಊರಿನ ಹವಾಮಾನಕ್ಕೆ ಒಮ್ಮೆ ಲೆಕ್ಕ ಹಾಕಿ, ಯಾವ ದಿಕ್ಕಿನ ಕಿಟಕಿ, ಪಕ್ಕದ ಗೋಡೆ ಎಷ್ಟು ದೂರ, ಬೆಳಕು ಎಷ್ಟು ಅಡಿ ಒಳಗೆ ಎಂಬ ಸರಳ ಪಟ್ಟಿ ಮಾಡಿಕೊಟ್ಟರೆ ಸಾಕು. ನಗರಸಭೆ ಆ ಪಟ್ಟಿಯನ್ನು ನಕ್ಷೆಯ ಅರ್ಜಿಯ ಜೊತೆ ಹಂಚಲಿ. ನೂರಾರು ಫ್ಲ್ಯಾಟು ಕಟ್ಟಿ ಮಾರುವವರಿಂದ ಮಾತ್ರ ಪ್ರತಿ ಫ್ಲ್ಯಾಟಿನ ಪೂರ್ತಿ ಲೆಕ್ಕವನ್ನು ಕೇಳಲೇಬೇಕು.

ಲೆಕ್ಕಕ್ಕೂ ಮಿತಿಗಳಿವೆ. ಹವಾಮಾನ ಕೇಂದ್ರ ನಿಮ್ಮ ಬೀದಿಯಲ್ಲಿಲ್ಲ. ಎಷ್ಟೋ ಊರುಗಳಲ್ಲಿ ಬಿಸಿಲನ್ನು ನೇರ ಅಳೆಯದೆ ಮೋಡದ ಪ್ರಮಾಣದಿಂದ ಅಂದಾಜಿಸಿರುತ್ತಾರೆ. ಮಾದರಿ ವರ್ಷದಲ್ಲಿ ವಿಪರೀತ ಮಳೆಯ ವರ್ಷ ಕಾಣುವುದಿಲ್ಲ. ನೀವು ಪರದೆ ಎಳೆದಿಡುತ್ತೀರೋ ಇಲ್ಲವೋ ಕಂಪ್ಯೂಟರಿಗೆ ಗೊತ್ತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದ ಖಾಲಿ ಸೈಟನ್ನು ಖಾಲಿಯೆಂದೇ ಬಿಟ್ಟು ಹಾಕಿದ ಲೆಕ್ಕ ನಾಳೆ ಸುಳ್ಳಾಗುತ್ತದೆ. ಅಲ್ಲಿ ನಿಯಮ ಒಪ್ಪುವಷ್ಟು ಎತ್ತರಕ್ಕೆ ಮನೆ ಎದ್ದಿದೆ ಎಂದೇ ಭಾವಿಸಿ ಲೆಕ್ಕ ಹಾಕಿಸಬೇಕು. ಹೀಗೆ ಹಾಕಿದ ಅಂದಾಜು ಕೂದಲೆಳೆಯಷ್ಟು ನಿಖರವಾಗಿರದಿದ್ದರೂ, ಎರಡು ನಕ್ಷೆಗಳಲ್ಲಿ ಯಾವುದು ಮೇಲು ಎಂದು ಹೇಳಲು ಧಾರಾಳವಾಗಿ ಸಾಕು.

ನೀವು ಏನು ಮಾಡಬಹುದು?

ಮನೆ ಕಟ್ಟಿಸುವವರಾದರೆ, ನಕ್ಷೆ ಬರೆಯುವವರನ್ನು ಮೂರು ಪ್ರಶ್ನೆ ಕೇಳಿ. ನಮ್ಮ ಊರಿನ ಹವಾಮಾನದ ಕಡತ ಬಳಸಿ ವರ್ಷದ ಬೆಳಕಿನ ಲೆಕ್ಕ ಹಾಕಿದ್ದೀರಾ? ಪಕ್ಕದಲ್ಲಿ ಮನೆ ಎದ್ದ ಮೇಲೂ ಈ ಲೆಕ್ಕ ನಿಲ್ಲುತ್ತದೆಯೇ? ಹಿರಿಯರು ಕೂರುವ ಜಾಗಕ್ಕೆ ಜುಲೈ, ಆಗಸ್ಟ್‌ನಲ್ಲಿ ಎಷ್ಟು ಗಂಟೆ ಸಾಕಷ್ಟು ಬೆಳಕಿದೆ? ತಾರಸಿ ಹಾಕಿದ ಮೇಲೆ ಕಿಟಕಿ ಸರಿಸುವುದು ಕಷ್ಟ. ಕಾಗದದ ಮೇಲೆ ರಬ್ಬರಿನಿಂದ ಅಳಿಸಿದರಾಯಿತು.

ಈಗಾಗಲೇ ಕಟ್ಟಿದ ಮನೆ ಕೊಳ್ಳುವವರು, ಬಾಡಿಗೆಗೆ ಹಿಡಿಯುವವರು ಒಂದು ಸರಳ ಪರೀಕ್ಷೆ ಮಾಡಿ. ಹಾಸಿಗೆ ಅಥವಾ ಓದುವ ಮೇಜು ಇಡುವ ಜಾಗದಲ್ಲಿ ಕುಳಿತು ಕಿಟಕಿಯತ್ತ ನೋಡಿ. ಒಂದು ತುಣುಕು ಆಕಾಶವಾದರೂ ಕಾಣುತ್ತದೆಯೇ? ಕಾಣದಿದ್ದರೆ ಮೋಡದ ದಿನಗಳಲ್ಲಿ ಆ ಜಾಗ ಮಬ್ಬಾಗಿಯೇ ಇರುತ್ತದೆ. ಸಾಧ್ಯವಿದ್ದರೆ ಮಳೆಗಾಲದ ಸಂಜೆ ನಾಲ್ಕಕ್ಕೂ ಒಮ್ಮೆ ಹೋಗಿ ದೀಪ ಆರಿಸಿ ನೋಡಿ ಬನ್ನಿ.

ಇರುವ ಮನೆಯಲ್ಲೇ ಇರಬೇಕಾದವರು ಕಿಟಕಿಗೆ ಅಡ್ಡವಾಗಿರುವ ಬೀರು, ಹಳೆಯ ಪೆಟ್ಟಿಗೆಗಳನ್ನು ಸರಿಸಿ. ಗೋಡೆಗೆ, ಅದರಲ್ಲೂ ಕಿಟಕಿಯ ಎದುರಿನ ಗೋಡೆಗೆ ಮತ್ತು ಛಾವಣಿಗೆ ಬಿಳಿ ಬಣ್ಣ ಹೊಡೆಸಿ. ಹೊಸ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಮುಕ್ಕಾಲು ಭಾಗವನ್ನು ಹಿಂದಿರುಗಿಸುತ್ತದೆ. ಪಕ್ಕದ ಮನೆಯವರು ಒಪ್ಪಿದರೆ ನಿಮ್ಮ ಕಿಟಕಿಗೆ ಎದುರಾಗಿರುವ ಅವರ ಗೋಡೆಗೂ ಸುಣ್ಣ ಬಳಿಸಿ. ಔಷಧ ತೆಗೆದುಕೊಳ್ಳುವ ಜಾಗ, ಬಚ್ಚಲಿನ ದಾರಿ, ಮೆಟ್ಟಿಲು ಇಲ್ಲಿಗೆ ಹಗಲಲ್ಲೂ ದೀಪ ಹಾಕಲು ಸಂಕೋಚಪಡಬೇಡಿ. ಬೆಳಿಗ್ಗೆ ಅರ್ಧ ಗಂಟೆಯಾದರೂ ಹಿರಿಯರು ಜಗಲಿಯಲ್ಲೋ ಮಹಡಿಯ ಮೇಲೋ ಕೂರಲಿ.

ಇದೆಲ್ಲಕ್ಕಿಂತ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ಅದಕ್ಕೆ ಕಾಸು ಖರ್ಚಿಲ್ಲ. ನಿಮ್ಮ ಮನೆಯ ಅತ್ಯಂತ ಬೆಳಕಿನ ಕೋಣೆಯಲ್ಲಿ ಈಗ ಏನಿದೆ? ಅನೇಕ ಮನೆಗಳಲ್ಲಿ ಅದು ಅತಿಥಿಗಳಿಗಾಗಿ ಸೋಫಾ ಹಾಕಿ ಮೀಸಲಿಟ್ಟ ಮುಂದಿನ ಹಾಲ್. ಹಗಲೆಲ್ಲ ಮನೆಯಲ್ಲಿರುವವರ ಮಂಚವನ್ನೋ ಕುರ್ಚಿಯನ್ನೋ ಈ ವಾರವೇ ಅಲ್ಲಿಗೆ ತಂದು ಹಾಕಿ. ಅತಿಥಿಗಳು ಬೇಸರಿಸಿಕೊಳ್ಳುವುದಿಲ್ಲ.